ಮೂವತ್ತೊಂದನೆಯ ಕೊಂಬೆ

ನನ್ನ ಕೊಂಬೆಗಳನ್ನು ಯಾರೋ ಕೀಳುತ್ತಿದ್ದರು.

ಗುಡ್ಡದ ನೆತ್ತಿಯಲ್ಲಿ ನಿಂತು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದೆ. ಕೆಳಗೆ ಸ್ಕಾರ್ ಸರೋವರ ಹೆಪ್ಪುಗಟ್ಟಿ ಬೆಳ್ಳಗೆ ಮಲಗಿತ್ತು. ಅದರ ಮೇಲೆ ನಿನ್ನೆಯಷ್ಟೇ ನಾನು ಬೆನ್ನು ಮುರಿದುಕೊಂಡು ನೆಟ್ಟಿದ್ದ ಬರ್ಚ್ ಮರದ ಕೊಂಬೆಗಳ ಸಾಲು, ಸ್ಕೀ ದಾರಿಯ ಗುರುತು. ನೀಲಿ ಟೊಪ್ಪಿಯ ಗಂಡಸೊಬ್ಬ ಹಿತ್ತಲಲ್ಲಿ ಮೂಲಂಗಿ ಕೀಳುವವನ ಹಾಗೆ ಒಂದೊಂದನ್ನೇ ಕಿತ್ತು ಕಂಕುಳಲ್ಲಿ ಇರುಕಿಕೊಳ್ಳುತ್ತಿದ್ದ.

ಸಿಟ್ಟು ಬಂದರೆ ನನ್ನ ಕಾಲಿನ ಸ್ಕೀಗಳು ಹೇಳಿದ ಮಾತು ಕೇಳುವುದಿಲ್ಲ. ಇಳಿಜಾರಿನಲ್ಲಿ ಹೇಗೆ ಇಳಿದೆನೋ, ಅವನ ಮುಂದೆ ಹಿಮ ಎರಚಿಕೊಂಡು ನಿಂತಾಗ ಉಸಿರು ಸಿಕ್ಕುತ್ತಿರಲಿಲ್ಲ.

"ಏನ್ರೀ ಮಾಡ್ತಿದ್ದೀರಾ? ಬುದ್ಧಿ ನೆಟ್ಟಗಿದೆಯಾ ನಿಮ್ಗೆ?"

ಅವನು ತಲೆ ಎತ್ತಿದ. ಹುಬ್ಬಿನ ಮೇಲೆಲ್ಲ ಹಿಮದ ಪುಡಿ. ಕಣ್ಣು ಮಾತ್ರ ಬಿಸಿಲಿಗೆ ಕಿರಿದಾಗಿ ನಗುತ್ತಿತ್ತು. ಆ ನಗು ಕಂಡು ನನಗೆ ಇನ್ನಷ್ಟು ಉರಿಯಿತು.

"ಇವನ್ನ ನೆಟ್ಟೋರು ನೀವೇನಾ?" ಎಂದ.

"ಹೌದು. ನಾನೇ. ಸಿಗ್ರಿ. ಒಂಬತ್ತು ವರ್ಷದಿಂದ ನಾನು, ಅದಕ್ಕೂ ಮುಂಚೆ ನಮ್ಮಪ್ಪ ಮೂವತ್ತು ವರ್ಷ. ಇದೇ ಜಾಗ, ಇದೇ ಗೆರೆ. ಮಂಜು ಕವಿದಾಗ ಜನ ಈ ಕೊಂಬೆ ನಂಬ್ಕೊಂಡು ಬರ್ತಾರೆ. ಇದು ಆಟದ ಸಾಮಾನಲ್ಲ!"

"ಅದಕ್ಕೇ ಕೀಳ್ತಿದ್ದೀನಿ" ಎಂದು ಅವನು ಬೆನ್ನಿನಿಂದ ಉದ್ದನೆಯ ಬೈರಿಗೆ ತೆಗೆದು, ಹಿಮ ಸರಿಸಿ, ಐಸಿಗೆ ಊರಿ ತಿರುಗಿಸಿದ. ನಾಲ್ಕು ಸುತ್ತು ತಿರುಗಿತೋ ಇಲ್ಲವೋ, ಗುಳುಗುಳು ಎಂದು ಕಪ್ಪು ನೀರು ಮೇಲೆ ಬಂತು. ಅವನು ಕೈಬೆರಳು ಅಗಲಿಸಿ ಆ ಐಸಿನ ದಪ್ಪ ತೋರಿಸಿದ. ಒಂದು ಗೇಣೂ ಇರಲಿಲ್ಲ.

"ಈ ಸಲ ಚಳಿ ಗಟ್ಟಿಯಾಗೋಕೆ ಮುಂಚೆನೇ ಹಿಮ ಬಿತ್ತಲ್ಲ, ಕಂಬಳಿ ಹೊದ್ದ ಹಾಗೆ ಆಗಿದೆ. ಕೆಳಗೆ ಐಸು ಬೆಳೆದೇ ಇಲ್ಲ. ಮೇಲಾಗಿ ಹೊಳೆ ಹೊರಗೆ ಬೀಳೋ ಬಾಯಿ ಇಲ್ಲೇ ಪಕ್ಕದಲ್ಲಿದೆ. ನಿನ್ನೆ ನೀವು ಇಲ್ಲಿ ಹೇಗೆ ನಡೆದ್ರೋ ದೇವರೇ ಬಲ್ಲ." ಈಗ ಅವನು ನಗುತ್ತಿರಲಿಲ್ಲ. "ನಾನು ಓಮುಂಡ್. ನಿಮ್ಮಪ್ಪನ ಸೊಂಟ ಸರಿ ಇಲ್ಲ, ಸಹಾಯಕ್ಕೆ ಹೋಗು ಅಂತ ಸ್ಕೀ ಸಂಘದೋರು ಕಳಿಸಿದ್ರು."

ನಾನು ಅಪ್ಪನ ಗೆರೆಯನ್ನು ನಂಬಿ ಬೈರಿಗೆಯನ್ನು ಮನೆಯಲ್ಲೇ ಬಿಟ್ಟಿದ್ದೆ. ಇನ್ನು ಹತ್ತು ದಿನಕ್ಕೆ ಈಸ್ಟರ್. ನಾರ್ವೆಯವರಾದ ನಮಗೆ ಈಸ್ಟರ್ ಬಂತೆಂದರೆ ಮನೆಯೊಳಗೆ ಕಾಲು ನಿಲ್ಲುವುದಿಲ್ಲ. ಹಾಲುಗೂಸಿನಿಂದ ಹಿಡಿದು ಅಜ್ಜಿಯರವರೆಗೆ ಎಲ್ಲರೂ ಚೀಲಕ್ಕೆ ಕಿತ್ತಳೆ ತುಂಬಿಕೊಂಡು ಬೆಟ್ಟ ಹತ್ತುತ್ತಾರೆ. ಅವರೆಲ್ಲರೂ ಈ ಕಪ್ಪು ನೀರಿನ ಮೇಲೆ ನನ್ನ ಕೊಂಬೆಗಳನ್ನು ಹಿಡಿದು ಸಾಲಾಗಿ ಬರುತ್ತಿದ್ದರು. 

"ಕೊಡಿ" ಎಂದೆ. "ಅರ್ಧ ನಾನು ಕೀಳ್ತೀನಿ."

ಹೊಸ ಗೆರೆ ಸರೋವರದೊಳಕ್ಕೆ ಚಾಚಿದ ಬಂಡೆಮೂತಿಯನ್ನು ಬಳಸಿಕೊಂಡು ಹೋಗಬೇಕಾಯಿತು. ಮೂರು ಕಿಲೋಮೀಟರ್ ಹೆಚ್ಚು. ಹೆಜ್ಜೆಗೊಮ್ಮೆ ಐಸು ಕೊರೆದು ನೋಡುತ್ತಾ ಆರು ದಿನ ನೆಟ್ಟೆವು.

ನಾನು ಸುಲಭಕ್ಕೆ ಯಾರನ್ನೂ ಮೆಚ್ಚುವವಳಲ್ಲ. ಊರಿನಲ್ಲಿ ಕೇಳಿದರೆ ಯಾರು ಬೇಕಾದರೂ ಹೇಳುತ್ತಾರೆ. ಆದರೆ ಓಮುಂಡ್ ಕೆಲಸ ಮಾಡುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದು ತಿಳಿಯುತ್ತಿರಲಿಲ್ಲ. ಕೊಂಬೆ ಊರಿದ ಮೇಲೆ ಅದರ ಬುಡಕ್ಕೆ ಹಿಮ ತುಳಿದು, ಎರಡು ಬೆರಳಿನಿಂದ ಅಲ್ಲಾಡಿಸಿ ನೋಡುತ್ತಿದ್ದ. ಮುಂದಿನದನ್ನು ನೆಟ್ಟು ತಿರುಗಿ ನೋಡುತ್ತಿದ್ದ. ಒಂದರ ಪಕ್ಕ ನಿಂತರೆ ಮುಂದಿನದು ಕಾಣಬೇಕು, ಅಷ್ಟೇ ನಮ್ಮ ನಿಯಮ. ಅವನು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಪ್ರತಿ ಕೊಂಬೆಯ ಹತ್ತಿರವೂ ಕುಕ್ಕರುಗಾಲಲ್ಲಿ ಕೂತು ಇನ್ನೊಮ್ಮೆ ನೋಡುತ್ತಿದ್ದ.

"ಯಾಕೆ, ಸುಸ್ತಾಯ್ತಾ?" ಎಂದು ಮೊದಲ ದಿನ ಛೇಡಿಸಿದೆ.

"ಮಕ್ಕಳ ಕಣ್ಣು ಎಷ್ಟು ಎತ್ತರದಲ್ಲಿರುತ್ತೆ ಹೇಳಿ?" ಎಂದ. "ಅಪ್ಪ ಅಮ್ಮಂಗೆ ಕಂಡ್ರೆ ಸಾಕಾ? ಮುಂದೆ ಓಡೋದು ಅವೇ ತಾನೆ?"

ಎದ್ದು ಮೊಣಕಾಲಿನ ಹಿಮ ಕೊಡವಿಕೊಂಡು ಮುಂದೆ ಹೋದ. ನಾನು ಕೊಂಬೆಗಳ ಕಟ್ಟು ತಬ್ಬಿಕೊಂಡು ಅಲ್ಲೇ ನಿಂತಿದ್ದೆ. ಒಂಬತ್ತು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ಇವನ ಕೈಗೆ ಸಿಕ್ಕ ಯಾವುದೇ ಆಗಲಿ, ಎಷ್ಟು ಜೋಪಾನವಾಗಿರುತ್ತದೆ ಎಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ಒಬ್ಬಳೇ ಕೆಂಪಾದೆ.

ಮಧ್ಯಾಹ್ನ ಬಂಡೆಯ ಮರೆಯಲ್ಲಿ ಬಿಸಿಲಿಗೆ ಮುಖವೊಡ್ಡಿ ಕೂರುತ್ತಿದ್ದೆವು. ಅವನು ಕಿತ್ತಳೆಯ ಸಿಪ್ಪೆಯನ್ನು ಒಂದೇ ಸುರುಳಿಯಾಗಿ ಬಿಡಿಸಿ, ದೊಡ್ಡ ಪಾಲನ್ನು ನನ್ನ ಕೈಗಿಟ್ಟು ಬೇರೆಲ್ಲೋ ನೋಡುತ್ತಿದ್ದ. ನಾನು ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಟ್ಟು ಬೇರೆಲ್ಲೋ ನೋಡುತ್ತಿದ್ದೆ. ನಡುವೆ ಯಾವಾಗಲೋ ಇಬ್ಬರ ಕಣ್ಣೂ ಒಂದೇ ಕಡೆ ಬಂದು ಸಿಕ್ಕಿಬೀಳುತ್ತಿದ್ದವು.

"ನಿಮ್ಮ ಮೂಗು ಸುಟ್ಟಿದೆ" ಎಂದ ನಾಲ್ಕನೆಯ ದಿನ.

"ನಿನ್ನ ಕಿವಿ ಸುಟ್ಟಿದೆ."

"ಓ, 'ನಿನ್ನ' ಆಗೋಯ್ತಾ?"

"ಕಿವಿ ಸುಟ್ಟೋರಿಗೆ ಮರ್ಯಾದೆ ಕೊಡಲ್ಲ ನಾನು."

ಅವನು ಗಟ್ಟಿಯಾಗಿ ನಕ್ಕ. ಆ ನಗು ಸರೋವರ ದಾಟಿ ಎದುರು ಗುಡ್ಡಕ್ಕೆ ಹೋಗಿ ವಾಪಸ್ಸು ಬಂತು.

ಬುಧವಾರ ಕೊನೆಯ ಕೊಂಬೆಯನ್ನು ಗ್ರೋಹೈ ತಂಗುಮನೆಯ ಬಾಗಿಲಲ್ಲಿ ನೆಟ್ಟೆವು. ಸ್ಕೀ ಹಾಕಿಕೊಂಡು ಬೆಟ್ಟ ದಾಟುವವರೆಲ್ಲ ರಾತ್ರಿ ಉಳಿಯುವುದು ಅಲ್ಲೇ. ಅದನ್ನು ನೋಡಿಕೊಳ್ಳುವ ಮೋಲ್‌ಫ್ರಿ ಚಿಕ್ಕಮ್ಮ ಓಮುಂಡ್‌ಗೂ ಅಲ್ಲೇ ಒಂದು ಮಂಚ ಕೊಟ್ಟಿದ್ದಳು. ಕೆಲಸ ಮುಗಿಯಿತು. ಇನ್ನು ನನಗೆ ಅಲ್ಲಿಗೆ ಬರಲು ನೆಪವಿರಲಿಲ್ಲ.

"ಮಂಗಳವಾರದ ಬಸ್ಸಿಗೆ ಹೊರಡ್ತೀನಿ" ಎಂದ ಅವನು, ಬೈರಿಗೆ ಒರೆಸುತ್ತಾ. "ಉತ್ತರದಲ್ಲಿ ದೋಣಿ ಕಟ್ಟೋ ಕೆಲಸ ಇದೆ. ಒಂದು ವರ್ಷದ್ದು. ಇನ್ನೂ ಹೂಂ ಅಂದಿಲ್ಲ, ಆದ್ರೆ ಹೋಗದೇ ಇರೋಕೆ ಕಾರಣನೂ ಇಲ್ಲ."

ಕಾರಣ ಅವನ ಮುಂದೆಯೇ, ಸುಟ್ಟ ಮೂಗು ಹೊತ್ತು ನಿಂತಿತ್ತು. "ಒಳ್ಳೇದಾಯ್ತು ಬಿಡು" ಎಂದಿತು ನನ್ನ ಬಾಯಿ. ಆ ಬಾಯಿಗೆ ಅಂದಿನಷ್ಟು ನಾನು ಯಾವತ್ತೂ ಶಾಪ ಹಾಕಿಲ್ಲ.

ಅವನು ಬೈರಿಗೆಯನ್ನು ಗೋಡೆಗೆ ಒರಗಿಸಿ ಕೇಳಿದ, "ನಿಮ್ಮನೆ ಎಲ್ಲಿ ಬರುತ್ತೆ?"

"ಬಸ್ ರಸ್ತೆಯಿಂದ ಹತ್ತುವಾಗ ಕವಲು ಇದೆಯಲ್ಲ, ಅಲ್ಲಿಂದ ಎಡಕ್ಕೆ, ತಗ್ಗಿನಲ್ಲಿ. ದಾರಿಗೆ ಗುರುತೇನೂ ಇಲ್ಲ. ಗೊತ್ತಿಲ್ಲದೋರಿಗೆ ಸಿಗಲ್ಲ."

"ಹಾಗಾದ್ರೆ ಕಷ್ಟ" ಎಂದ, ಅರ್ಧ ನಗುತ್ತಾ. "ಗುರುತಿಲ್ಲದ ದಾರೀಲಿ ನಾನು ಹೋಗಲ್ಲ."

ಬಾ ಎನ್ನಬಹುದಿತ್ತು. ಒಂದೇ ಅಕ್ಷರ. ನಾನು ಕೈ ಬೀಸಿ ಇಳಿಜಾರು ಇಳಿದುಬಿಟ್ಟೆ.

ಮನೆಯಲ್ಲಿ ಅಪ್ಪ ಸೊಂಟಕ್ಕೆ ದಿಂಬು ಕೊಟ್ಟು ಕೂತು, ಹೂಜಿಯ ನೀರಿನಲ್ಲಿಟ್ಟ ಬರ್ಚ್ ರೆಂಬೆಗಳಿಗೆ ಹಳದಿ ಗರಿ ಕಟ್ಟುತ್ತಿದ್ದ. ಈಸ್ಟರ್ ಹೊತ್ತಿಗೆ ಒಳಗಿನ ಬಿಸಿಗೆ ಅವು ಚಿಗುರುತ್ತವೆ. ಅಮ್ಮ ಇದ್ದಾಗಿನಿಂದ ನಡೆದುಬಂದ ಪದ್ಧತಿ. ತನ್ನ ಹಳೆಯ ಗೆರೆಯನ್ನು ಕಿತ್ತ ಸುದ್ದಿ ಕೇಳಿದಾಗ ಅಪ್ಪ ಒಂದು ದಿನ ಮುನಿಸಿಕೊಂಡು, ಮರುದಿನ "ಆ ಹುಡುಗ ಕೊರೆದು ನೋಡಿದ್ನಾ? ಹಾಗಾದ್ರೆ ಅವನೇ ಸರಿ" ಎಂದಿದ್ದ.

"ಏನಮ್ಮ, ಮುಖ ಹುಳಿ ಮಜ್ಜಿಗೆ ಕುಡಿದ ಹಾಗಿದೆ?" ಎಂದ ಈಗ. "ಹುಡುಗ ಹೊರಟ್ನಾ?"

"ಹೊರಟ್ರೆ ಹೊರಡ್ಲಿ. ನಂಗೇನು?"

"ನಿಂಗೇನೂ ಇಲ್ಲ. ಎರಡು ದಿನದಿಂದ ಕಾಫಿಗೆ ಉಪ್ಪು ಹಾಕ್ತಿದ್ದೀಯಾ, ಅಷ್ಟೇ."

ಶನಿವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಮೋಲ್‌ಫ್ರಿಗೆ ಬ್ರೆಡ್ಡು, ಹಾಲು ತರಲು ಓಮುಂಡ್ ಮಧ್ಯಾಹ್ನ ಬಸ್ ರಸ್ತೆಗೆ ಇಳಿಯುತ್ತಾನೆ, ಕವಲು ದಾಟಿಯೇ ಇಳಿಯಬೇಕು, ಎಂಬುದು ನನಗೆ ಗೊತ್ತಿತ್ತು. ಕೊಟ್ಟಿಗೆಯಲ್ಲಿ ಉಳಿದ ಕೊಂಬೆಗಳ ಒಂದು ಕಟ್ಟು ಬಿದ್ದಿತ್ತು. ಆಮೇಲೆ ನಾನು ಮಾಡಿದ್ದನ್ನು ಇವತ್ತಿಗೂ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕವಲಿನಿಂದ ನಮ್ಮ ಮನೆಯ ಬಾಗಿಲವರೆಗೆ ಕೊಂಬೆ ನೆಟ್ಟೆ. ಮೂವತ್ತೊಂದು. ಒಂದೊಂದನ್ನೂ ಬುಡ ತುಳಿದು, ಅಲ್ಲಾಡಿಸಿ, ಕುಕ್ಕರುಗಾಲಲ್ಲಿ ಕೂತು ನೋಡಿ ನೆಟ್ಟೆ. ಗುರುತಿಲ್ಲದ ದಾರೀಲಿ ಹೋಗಲ್ಲ ಅಂದೆಯಲ್ಲ, ತಗೋ ಗುರುತು. ಅವನು ನೋಡುತ್ತಾನೆ, ನಗುತ್ತಾನೆ, ಬರುತ್ತಾನೆ. ಸಂಜೆಯೊಳಗೆ ಕಿತ್ತುಹಾಕಿದರಾಯಿತು. ಹೀಗೆ ಲೆಕ್ಕ ಹಾಕಿ ಒಳಗೆ ಹೋಗಿ ದೋಸೆಯಂಥ ವಾಫಲ್ ಹಿಟ್ಟು ಕಲಸಿದೆ, ಕಂದು ಚೀಸ್ ಹೆಚ್ಚಿದೆ, ತಲೆ ಬಾಚಿಕೊಂಡೆ.

ಹನ್ನೊಂದು ಗಂಟೆಗೆ ಯಾರೋ ಬಾಗಿಲು ಬಡಿದರು.  ಓಡಿ ತೆರೆದೆ.

ಕೆಂಪು ಮೂಗಿನ ದಂಪತಿ, ಬೆನ್ನ ಹಿಂದೆ ಮೂರು ಮಕ್ಕಳು. "ಅಬ್ಬಾ, ಗ್ರೋಹೈ ಇಷ್ಟು ಹತ್ತಿರ ಅಂತ ಗೊತ್ತೇ ಇರ್ಲಿಲ್ಲ!" ಎಂದಳು ಹೆಂಗಸು. "ವಾಫಲ್ ವಾಸನೆ ಬರ್ತಿದೆ ನೋಡ್ರೇ!"

ನಾನು ಬಾಯಿ ತೆರೆಯುವುದರೊಳಗೆ ಮಕ್ಕಳು ಬೂಟು ಬಿಚ್ಚಿದ್ದರು. ಹತ್ತು ನಿಮಿಷಕ್ಕೆ ಇಬ್ಬರು ಅಜ್ಜಿಯರು ಬಂದರು. ಅವರ ಹಿಂದೆ ಗಡ್ಡದವರಿಬ್ಬರು. "ಮಂಜು ಬರ್ತಿದೆ ಮಾರಾಯ್ತಿ, ಪುಣ್ಯಕ್ಕೆ ಕೊಂಬೆ ಚೆನ್ನಾಗಿ ನೆಟ್ಟಿದ್ದಾರೆ" ಎಂದ ಅವರಲ್ಲೊಬ್ಬ. ಕಿಟಕಿಯಾಚೆ ನೋಡಿದೆ. ಕೊಟ್ಟಿಗೆ ಆಗಲೇ ಮಾಯವಾಗಿತ್ತು.

ಇಲ್ಲಿನವರು ಕೊಂಬೆಯನ್ನು ಅನುಮಾನಿಸುವುದಿಲ್ಲ. ನಕಾಶೆ ಬೇರೆ ಹೇಳಿದರೂ ಕೊಂಬೆ ಹಿಡಿದೇ ನಡೆಯುತ್ತಾರೆ. ಹಾಗೆ ನಡೆಯಿರಿ ಎಂದು ನಾವೇ ಅವರಿಗೆ ಕಲಿಸಿದ್ದೇವೆ. ಆ ನಂಬಿಕೆಯನ್ನು ನಾನು ಒಬ್ಬ ಗಂಡಸನ್ನು ಕಾಫಿಗೆ ಕರೆಯಲು ಬಳಸಿಕೊಂಡಿದ್ದೆ.

"ಇದು ಗ್ರೋಹೈ ಅಲ್ಲ, ನಮ್ಮನೆ. ನಂದೇ ತಪ್ಪು" ಎಂದು ಹೇಳಬೇಕಾಯಿತು. ಒಂಬತ್ತು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ಅಜ್ಜಿಯೊಬ್ಬಳು ಕಾಫಿ ಲೋಟ ಕೆಳಗಿಟ್ಟು, "ಹಾಗಾದ್ರೆ ಆ ಕೊಂಬೆ ಯಾರಿಗಮ್ಮ?" ಎಂದಳು. ಅಪ್ಪ ದಿಂಬಿಗೆ ಮುಖ ಒತ್ತಿ ಕೆಮ್ಮಿದ.

ಮಂಜು ಸರಿಯಲೆಂದು ಎಲ್ಲರೂ ಕಾದು ಕೂತಿರುವಾಗ ಎರಡು ಗಂಟೆಗೆ ಫೋನು ಹೊಡೆದುಕೊಂಡಿತು. ಮೋಲ್‌ಫ್ರಿ.

"ಸಿಗ್ರಿ, ಇವತ್ತಿಗೆ ಮಂಚ ಹೇಳಿಟ್ಟಿದ್ದ ಒಂಬತ್ತು ಜನ ಇನ್ನೂ ಬಂದೇ ಇಲ್ಲ ಕಣೇ. ಮಕ್ಕಳೂ ಇದ್ದಾರೆ. ಕಣ್ಣಿಗೆ ಕೈ ಕಾಣದಂಥ ಮಂಜು. ಓಮುಂಡ್ ಹುಡುಕೋಕೆ ಹೋಗಿ ಒಂದೂವರೆ ಗಂಟೆ ಆಯ್ತು."

"ಎಲ್ಲಿಗೆ?"

"ಸರೋವರಕ್ಕೆ. ಮಂಜಿನಲ್ಲಿ ಎಲ್ಲಾದ್ರೂ ಹೊಳೆಬಾಯಿ ಕಡೆ ಹೋಗಿಬಿಟ್ರೇನೋ ಅಂತ. ಅಲ್ಲಿ ಫೋನೂ ಸಿಗಲ್ಲ."

 "ಒಂಬತ್ತೂ ಜನ ನಮ್ಮನೇಲಿ ಕೂತು ವಾಫಲ್ ತಿಂತಿದ್ದಾರೆ ಚಿಕ್ಕಮ್ಮ. ನಾನು ಕವಲಿನಿಂದ ಕೊಂಬೆ ನೆಟ್ಟಿದ್ದೆ. ಅವನು ಬರಲಿ ಅಂತ."

ಆ ಕಡೆಯಿಂದ ಮೋಲ್‌ಫ್ರಿ ನಿಧಾನವಾಗಿ, "ಅಯ್ಯೋ ನನ್ನ ಪೆದ್ದೀ" ಎಂದಳು.

ಸ್ಕೀ ಕಟ್ಟಿಕೊಂಡು ಹೊರಬಿದ್ದೆ. ಬಾಗಿಲ ಕೊಂಬೆ, ಅದರ ಮುಂದಿನದು, ಅದರ ಮುಂದಿನದು. ಮಂಜು ಹಾಲಿನ ಹಾಗೆ ದಟ್ಟವಾಗಿತ್ತು. ಐಸು ಗೇಣಿಗಿಂತ ಕಡಿಮೆ ಇದ್ದ ಜಾಗ ಕಣ್ಣ ಮುಂದೆ ಬರುತ್ತಿತ್ತು, ಗುಳುಗುಳು ಎಂದ ಆ ಕಪ್ಪು ನೀರು. ಅವನಿಗೇನಾದರೂ ಆದರೆ ಎಂಬಲ್ಲಿಗೆ ಬಂದು ಯೋಚನೆ ನಿಂತುಬಿಡುತ್ತಿತ್ತು. ಹದಿಮೂರನೆಯ ಕೊಂಬೆ ಮುಟ್ಟಿ ಮುಂದೆ ನೋಡಿದೆ. ಹದಿನಾಲ್ಕನೆಯದು ಇರಲಿಲ್ಲ.

ಬಗ್ಗಿ ನೋಡಿದೆ. ಎಲ್ಲೂ ಇಲ್ಲ. ಮುಂದಿನದು ಕಾಣದಿದ್ದರೆ ಇದ್ದ ಕೊಂಬೆ ಬಿಟ್ಟು ಕದಲಬಾರದು. ಎಷ್ಟು ಜನರಿಗೆ ಹೇಳಿಕೊಟ್ಟಿದ್ದೇನೆ. ಕೊಂಬೆಯನ್ನು ಹಿಡಿದುಕೊಂಡು, ಗಂಟಲು ಹರಿಯುವ ಹಾಗೆ ಕೂಗಿದೆ.

"ಓಮುಂಡ್! ಓಮುಂಡ್!"

"ಕೂಗ್ಬೇಡ" ಎಂದಿತು ಮಂಜು, ತೀರಾ ಹತ್ತಿರದಲ್ಲಿ. "ಇಲ್ಲೇ ಇದ್ದೀನಿ."

ನೀಲಿ ಟೊಪ್ಪಿ ಮೊದಲು ಕಂಡಿತು. ಆಮೇಲೆ ಕಂಕುಳಲ್ಲಿ ಕೊಂಬೆಗಳ ಕಟ್ಟು. ಎದೆಯಿಂದ ಮೊಣಕಾಲವರೆಗೆ ಅವನ ಬಟ್ಟೆ ಒದ್ದೆಯಾಗಿ ಹೆಪ್ಪುಗಟ್ಟಿತ್ತು. ಅವನು ನಗುತ್ತಿರಲಿಲ್ಲ.

"ಹೊಳೆಬಾಯಿ ತನಕ ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ ನೋಡ್ದೆ" ಎಂದ. "ಎಲ್ಲಾದ್ರೂ ಐಸು ಒಡೆದಿದೆಯಾ, ಟೊಪ್ಪಿಗಿಪ್ಪಿ ತೇಲ್ತಿದೆಯಾ ಅಂತ. ಆಮೇಲೆ ಕವಲಿಗೆ ಬಂದ್ರೆ ಈ ಸಾಲು. ಒಂಬತ್ತು ಜನದ ಸ್ಕೀ ಗುರುತು ಇದನ್ನ ಹಿಡಿದೇ ಹೋಗಿದೆ. ಯಾರು, ಸಿಗ್ರಿ? ಯಾವ ಮನೆಹಾಳ ನೆಟ್ಟಿದ್ದು ಇದನ್ನ?"

"ನಾನು."

"ಏನು?"

"ನಾನೇ ನೆಟ್ಟಿದ್ದು. ನೀನು ಬರ್ಲಿ ಅಂತ. ಬಾಯಿಬಿಟ್ಟು ಕರೆಯೋಕೆ ಆಗ್ಲಿಲ್ಲ, ಅದಕ್ಕೆ." ಅಳು ಬಂದುಬಿಟ್ಟಿತು, ತಡೆಯಲಿಲ್ಲ. "ಅವರೆಲ್ಲ ನಮ್ಮನೇಲಿ ಬೆಚ್ಚಗಿದ್ದಾರೆ. ನೀನು ಬೈಯಿ, ಸಂಘಕ್ಕೆ ಹೇಳು, ನನ್ನನ್ನ ಈ ಕೆಲಸದಿಂದ ತೆಗೆಸು. ಆದ್ರೆ ಮಂಗಳವಾರ ಹೋಗ್ಬೇಡ. ನೀನು ನಂಗೆ ಬೇಕು. ಮೊದಲ ದಿನ ಕುಕ್ಕರುಗಾಲಲ್ಲಿ ಕೂತೆಯಲ್ಲ, ಆವತ್ತಿಂದ ಬೇಕು."

ಅವನು ಕಂಕುಳಿನ ಕಟ್ಟನ್ನು ಹಿಮದ ಮೇಲೆ ಇಳಿಸಿದ. ಹುಬ್ಬಿನ ಮೇಲಿನ ಹಿಮ ಕರಗಿ ಕೆನ್ನೆಗಿಳಿಯುತ್ತಿತ್ತು. ಕೊನೆಗೆ ಉಸಿರು ಬಿಟ್ಟ.

"ಇಷ್ಟು ಹೇಳೋಕೆ ಒಂಬತ್ತು ಜನ ದಾರಿ ತಪ್ಪಬೇಕಾಯ್ತಾ?"

"ಹೂಂ."

"ಇನ್ನೊಂದು ಸಲ ಹೀಗೆ ಮಾಡಿದ್ರೆ ನಾನೇ ನಿನ್ನನ್ನ ಸಂಘದ ಮುಂದೆ ನಿಲ್ಲಿಸ್ತೀನಿ. ತಮಾಷೆ ಮಾಡ್ತಿಲ್ಲ."

"ಮಾಡಲ್ಲ. ಆಣೆ ಮಾಡ್ಲಾ?"

"ಬೇಡ." ಅವನು ಕೈಗವಸು ತೆಗೆದು ನನ್ನ ಕೆನ್ನೆ ಒರೆಸಿದ. ಆ ಬೆರಳು ಐಸಿನಷ್ಟು ತಣ್ಣಗಿತ್ತು. ಎರಡೂ ಕೈಯಿಂದ ಹಿಡಿದು ನನ್ನ ಬಾಯಿಯ ಹತ್ತಿರ ತಂದುಕೊಂಡು ಊದಿದೆ. "ಬುಧವಾರ ನಿಮ್ಮನೆ ಎಲ್ಲಿ ಅಂತ ಯಾಕೆ ಕೇಳ್ದೆ ಅಂದ್ಕೊಂಡೆ?" ಎಂದ ಅವನು ಮೆಲ್ಲಗೆ. "ಬಾ ಅಂತೀಯೇನೋ ಅಂತ ಕಾದೆ. ನೀನು ಟಾಟಾ ಮಾಡಿ ಓಡಿಹೋದೆ."

ಮನೆಯ ಕಡೆ ಹೊರಟೆವು. ಹದಿಮೂರನೆಯದನ್ನು ಅವನೇ ಕಿತ್ತ. ನಾನು ಮುಂದೆ, ಅವನು ಹಿಂದೆ; ನಾನು ಒಂದು ಕೊಂಬೆ ಮುಟ್ಟಿ "ಸಿಕ್ತು" ಎಂದರೆ ಅವನು ಹಿಂದಿನದನ್ನು ಕೀಳುತ್ತಿದ್ದ. ಇನ್ನು ಯಾರೂ ಈ ಸಾಲು ಹಿಡಿದು ದಾರಿ ತಪ್ಪುವಂತಿರಲಿಲ್ಲ.

ಬಾಗಿಲ ದೀಪ ಕಂಡಾಗ ನಾನು ತಿರುಗಿ ನೋಡಿದೆ. ನಮ್ಮ ಹಿಂದೆ ಬರೀ ಬಿಳುಪು.

"ಈಗ ವಾಪಸ್ಸು ಹೇಗೆ ಹೋಗ್ತೀಯಾ?" ಎಂದೆ.

ಅವನು ಕಟ್ಟನ್ನು ಮೆಟ್ಟಿಲ ಮೇಲಿಟ್ಟು, ತಾನೂ ಹಿಂದೆ ತಿರುಗಿ ನೋಡಿದ. "ಹೋಗೋ ಹಾಗಿಲ್ಲ" ಎಂದ. "ಗುರುತಿಲ್ಲದ ದಾರೀಲಿ ನಾನು ಹೋಗಲ್ಲ."

ಕಿಟಕಿಯ ಗಾಜಿಗೆ ಒಂಬತ್ತು ಮೂಗುಗಳು ಅಂಟಿಕೊಂಡಿದ್ದವು. ಬಾಗಿಲು ತೆರೆದಾಗ ಅದೇ ಅಜ್ಜಿ, "ಓಹೋ, ಕೊಂಬೆ ಇವರಿಗಾ!" ಎಂದು ಚಪ್ಪಾಳೆ ತಟ್ಟಿದಳು. ಅಪ್ಪ ಓಮುಂಡ್‌ನ ಹೆಪ್ಪುಗಟ್ಟಿದ ಅಂಗಿ ನೋಡಿ, ಏನೂ ಕೇಳದೆ ತನ್ನ ಉಣ್ಣೆಯ ಸ್ವೆಟರ್ ಬಿಚ್ಚಿಕೊಟ್ಟ. "ಒಲೆ ಪಕ್ಕ ಕೂತ್ಕೋ ಮಗಾ. ಐಸು ಕೊರೆದು ನೋಡೋನು ನೀನೇ ತಾನೆ?"

ಹನ್ನೆರಡು ಜನ ಆ ಮನೆಯಲ್ಲಿ ಹೇಗೆ ಮಲಗಿದೆವು ಎಂದು ಕೇಳಬೇಡಿ. ಮೋಲ್‌ಫ್ರಿಗೆ ಫೋನು ಮಾಡಿ ಹೇಳಿಯಾಗಿತ್ತು. ಭಾನುವಾರ ಮಂಜು ಸರಿದ ಮೇಲೆ ಒಂಬತ್ತು ಜನರನ್ನೂ ಸರಿಯಾದ ಗೆರೆ ಹಿಡಿಸಿ ನಾವಿಬ್ಬರೂ ಗ್ರೋಹೈಗೆ ಮುಟ್ಟಿಸಿದೆವು. ಅಲ್ಲಿನ ಪುಸ್ತಕದಲ್ಲಿ ಎಲ್ಲರೂ ತಾವು ಬಂದ ದಾರಿ ಬರೆಯಬೇಕು. ಆ ಮೂವರು ಮಕ್ಕಳಲ್ಲಿ ದೊಡ್ಡವಳು ದೊಡ್ಡ ಅಕ್ಷರದಲ್ಲಿ "ಸಿಗ್ರಿಯ ಪ್ರೇಮದ ಮಾರ್ಗವಾಗಿ" ಎಂದು ಬರೆದಳು. ಅಳಿಸಲು ಮೋಲ್‌ಫ್ರಿ ಬಿಡಲಿಲ್ಲ, ಈಗಲೂ ಇದೆ.

ಮಂಗಳವಾರ ಬಸ್ಸು ಬಂತು, ಹೋಯಿತು. ನಾನು ಅಂಗಳದಲ್ಲಿ ಕೂತು ಕೊಂಬೆಗಳನ್ನು ಮುಂದಿನ ವರ್ಷಕ್ಕೆ ಕಟ್ಟುತ್ತಿದ್ದೆ. ಎರಡು ಸಲ ಎಣಿಸಿದೆ.

"ಮೂವತ್ತೇ ಇವೆ" ಎಂದೆ. "ಒಂದು ಎಲ್ಲೋ ಬಿಟ್ಟು ಬಂದಿದ್ದೀಯಾ."

ಓಮುಂಡ್ ಸೌದೆ ಒಡೆಯುವುದು ನಿಲ್ಲಿಸಿ, ಗಲ್ಲದಿಂದ ಬಾಗಿಲ ಕಡೆ ತೋರಿಸಿದ. ಮೆಟ್ಟಿಲ ಪಕ್ಕ, ಬುಡ ಗಟ್ಟಿಯಾಗಿ ತುಳಿದ ಕೊನೆಯ ಕೊಂಬೆ ಹಾಗೇ ನಿಂತಿತ್ತು.

"ಅದೊಂದು ಇರ್ಲಿ" ಎಂದ. "ಅದು ಸರಿಯಾದ ಜಾಗದಲ್ಲೇ ಇದೆ."